ಫ್ಯಾನ್ ಐದರಲ್ಲಿ ಓಡುತ್ತೆ, ಒಂದರಲ್ಲಿ ಯಾಕೆ ಅಲ್ಲಾಡಲ್ಲ?

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಯಾರೂ ರೆಗ್ಯುಲೇಟರ್ ಮುಟ್ಟುವುದಿಲ್ಲ. ಬಿಸಿಲು 42 ಡಿಗ್ರಿ ದಾಟಿದರೆ ಫ್ಯಾನ್ ಹಗಲು ರಾತ್ರಿ ಐದರಲ್ಲೇ. ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ರಾತ್ರಿ ತಣ್ಣಗಾದಾಗ ಎರಡಕ್ಕೆ ಇಳಿಸುತ್ತೀರಿ. ಆಗ ನೋಡಿದರೆ ಫ್ಯಾನ್ ತಿರುಗುವುದೇ ಇಲ್ಲ! ಹೊಸದು ತರುವ ಮೊದಲು ಸ್ವಲ್ಪ ಕಿವಿಗೊಟ್ಟು ಕೇಳಿ.

ಟಿವಿ ಬಂದ್ ಮಾಡಿ, ರೆಗ್ಯುಲೇಟರ್ ಒಂದಕ್ಕಿಟ್ಟು ಫ್ಯಾನ್ ಕೆಳಗೆ ನಿಲ್ಲಿ. ಸಣ್ಣಗೆ ಗುಂಯ್ ಅನ್ನುತ್ತಿದೆಯಾ? ಹಾಗಾದರೆ ಕರೆಂಟ್ ಮೋಟರ್‌ವರೆಗೆ ಬರುತ್ತಿದೆ, ಎಳೆಯುವ ಶಕ್ತಿ ಸಾಲುತ್ತಿಲ್ಲ. ಒಣ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿ. ತಳ್ಳಿದ ಮೇಲೆ ಓಡಿದರೆ ಅನುಮಾನ ಕಂಡೆನ್ಸರ್ ಮೇಲೆ, ಅಂದರೆ ಮೋಟರಿಗೆ ತಿರುಗಲು ಬಲ ಕೊಡುವ ಪುಟ್ಟ ಡಬ್ಬಿಯ ಮೇಲೆ. ಸದ್ದೇ ಇಲ್ಲ, ತಳ್ಳಿದರೂ ನಿಂತುಬಿಡುತ್ತದೆ, ಐದರಲ್ಲಿ ಮಾತ್ರ ಜೋರಾಗಿ ಓಡುತ್ತದೆ ಅಂದರೆ ರೆಗ್ಯುಲೇಟರ್ ಕೆಟ್ಟಿದೆ.

ಈಗಿನ ಸ್ಟೆಪ್ ರೆಗ್ಯುಲೇಟರಿನಲ್ಲಿ ಐದನೇ ನಂಬರಿಗೆ ಕರೆಂಟ್ ನೇರ ಹೋಗುತ್ತದೆ. ಕೆಳಗಿನ ನಂಬರುಗಳಿಗೆ ಒಳಗಿರುವ ಪುಟ್ಟ ಕಂಡೆನ್ಸರುಗಳ ಮೂಲಕ ಹೋಗಬೇಕು. ಅದರಲ್ಲಿ ಒಂದು ಹೋದರೂ ಆ ನಂಬರು ಸತ್ತಂತೆ. ಅದನ್ನು ಬಿಚ್ಚಿ ರಿಪೇರಿ ಮಾಡುವ ಗೋಜು ಬೇಡ, ಹೊಸದೇ ಹಾಕಿ.

ಇನ್ನು ಫ್ಯಾನಿನ ಕಂಡೆನ್ಸರ್. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಮೇನ್ ಸ್ವಿಚ್ಚೇ ಆಫ್ ಮಾಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿನ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದುಂಟು, ಆಗ ಸ್ವಿಚ್ ಆಫ್ ಇದ್ದರೂ ಶಾಕ್ ಹೊಡೆಯುತ್ತದೆ. ಹೆಚ್ಚಿನ ಫ್ಯಾನ್‌ಗಳಲ್ಲಿ ರಾಡಿನ ಕೆಳಗಿನ ಕಪ್ ಸಡಿಲಿಸಿ ಮೇಲೆತ್ತಿದರೆ ಎರಡು ವೈರಿನ ಡಬ್ಬಿ ಕಾಣುತ್ತದೆ. ಮೊದಲು ಫೋಟೊ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಎರಡೂ ವೈರಿನ ತಾಮ್ರಕ್ಕೆ ಒಟ್ಟಿಗೆ ತಾಗಿಸಿ, ಉಳಿದ ಕರೆಂಟ್ ಇಳಿಯಲಿ. ಡಬ್ಬಿಯ ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್ ಎಂದೇನಾದರೂ ಬರೆದಿರುತ್ತದೆ. ಊರಿನ ಸೂಪರ್ ಮಾರ್ಕೆಟ್ ಬಜಾರದ ಕಡೆ ಹೋದಾಗ ಹಳೆಯದನ್ನೇ ತೋರಿಸಿ ಅದೇ ನಂಬರಿನದು ತನ್ನಿ. "ದೊಡ್ಡದು ಹಾಕ್ರಿ, ಜೋರ್ ಓಡ್ತದ" ಅನ್ನುವವರ ಮಾತು ಕೇಳಬೇಡಿ, ವೈಂಡಿಂಗ್ (ಮೋಟರಿನ ತಂತಿ ಸುತ್ತು) ಬಿಸಿಯಾಗಿ ಸುಡಬಹುದು. ಕಂಡೆನ್ಸರಿನ ಎರಡು ವೈರ್ ಅದಲುಬದಲಾದರೆ ಚಿಂತೆಯಿಲ್ಲ. ಆದರೆ ಬೇರೆ ವೈರಿಗೆ ಸೇರಿಸಿದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯೇ ಬರುವುದಿಲ್ಲ.

ಕಂಡೆನ್ಸರ್ ಬದಲಿಸಿದರೂ ತಳ್ಳಲೇಬೇಕಾ? ಮೇನ್ ಆಫ್ ಮಾಡಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ಬಿಡಿ. ಸರಾಗವಾಗಿ ಸುತ್ತದೆ ಥಟ್ಟನೆ ನಿಂತರೆ, ಕರಕರ ಅಂದರೆ, ಬೇರಿಂಗ್ ಒಣಗಿದೆ. ಮೇಲಿನಿಂದ ಎಣ್ಣೆ ಬಿಟ್ಟರೆ ಸುಮ್ನೆ ಧೂಳು ಅಂಟುತ್ತದೆ ಅಷ್ಟೇ. ಬಿಚ್ಚಿ ಬೇರಿಂಗ್ ಬದಲಿಸುವ ಕೆಲಸ ಮೆಕ್ಯಾನಿಕ್‌ನದು. ಸುಟ್ಟ ವಾಸನೆ ಬಂದರೂ ಅಷ್ಟೇ, ನೀವು ಕೈಹಾಕಬೇಡಿ.

ಸಂಜೆ ಮಾತ್ರ ಹೀಗಾಗುತ್ತಿದ್ದರೆ ಫ್ಯಾನನ್ನು ಬೈಯಬೇಡಿ. ಬಲ್ಬುಗಳೂ ಮಂಕಾಗಿದ್ದರೆ ವೋಲ್ಟೇಜ್ ಕಡಿಮೆ ಇದೆ, ಕರೆಂಟ್ ಕಂಪನಿ ಜೆಸ್ಕಾಂಗೆ ದೂರು ಕೊಡಿ. ರಿಮೋಟಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯದು) ಆಗಿದ್ದರೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಹಳೆ ರೆಗ್ಯುಲೇಟರ್ ಇನ್ನೂ ಲೈನಿನಲ್ಲಿದ್ದರೆ ಮೊದಲು ಅದನ್ನು ತೆಗೆಸಿ ನೇರ ಕನೆಕ್ಷನ್ ಕೊಡಿಸಿ.