ಅಮೆರಿಕದ ಕೌಂಟಿ ಕಚೇರಿಯಿಂದ ಡೆತ್ ಸರ್ಟಿಫಿಕೇಟ್: ಊರಿನ ಪಹಣಿಗೂ ಹೊಂದುವ ಹಾಗೆ ತರಿಸುವುದು ಹೇಗೆ

ಮನೆಯವರು ಮೊದಲು ಕೇಳುವ ಪ್ರಶ್ನೆ, ಯಾವ ಕೌಂಟಿಗೆ ಹೋಗಬೇಕು? ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ತೀರಿಕೊಂಡವರು ಎಲ್ಲಿ ವಾಸವಿದ್ದರು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಎಲ್ಲಿ ತೀರಿಕೊಂಡರೋ ಆ ಕೌಂಟಿಯೇ ದಾಖಲೆ ಕೊಡುತ್ತದೆ. ನಮ್ಮ ಮಾವ ನಮ್ಮ ಜೊತೆ ಫ್ರೀಮಾಂಟಿನಲ್ಲಿದ್ದರು, ಅದು ಅಲಮೀಡಾ ಕೌಂಟಿ. ತೀರಿಹೋದದ್ದು ಪಾಲೋ ಆಲ್ಟೋದ ಆಸ್ಪತ್ರೆಯಲ್ಲಿ, ಅದು ಸಾಂತಾ ಕ್ಲಾರಾ ಕೌಂಟಿ. ಅದರ ಕಚೇರಿ ಇರುವುದು ಸ್ಯಾನ್ ಹೋಸೆಯಲ್ಲಿ. ಹಾಗಾಗಿ ನಮ್ಮ ಎಲ್ಲ ಕಾಗದವೂ ಸ್ಯಾನ್ ಹೋಸೆಯಿಂದಲೇ ಬಂತು. ಅಲಮೀಡಾದವರಿಗೆ ಅವರ ಹೆಸರೂ ಗೊತ್ತಿಲ್ಲ.

ನಾನು ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ ರೀತಿ. ಅದೂ ಒಂದು ಕಣ್ಣು ಮೈಸೂರು ಕಡೆ ಇಟ್ಟುಕೊಂಡು. ಇಲ್ಲಿ ಮಾತ್ರ ಬಳಸುವ ಸರ್ಟಿಫಿಕೇಟ್ ಆದರೆ ಕೆಲಸ ಸುಲಭ. ಊರಿನಲ್ಲಿ ಜಮೀನು, ಬ್ಯಾಂಕ್ ಡೆಪಾಸಿಟ್, ಪಿಂಚಣಿ ಇದ್ದರೆ ಕಥೆಯೇ ಬೇರೆ.

ನಿಜವಾದ ಕೆಲಸ ಇರುವುದು ಫ್ಯೂನರಲ್ ಹೋಮಿನಲ್ಲಿ

ಸರ್ಟಿಫಿಕೇಟ್ ಕೌಂಟಿಯಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಏನಿರಬೇಕು ಎಂದು ಬರೆಸುವುದು ಫ್ಯೂನರಲ್ ಹೋಮಿನಲ್ಲಿ, ಅಂದರೆ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವ ಸಂಸ್ಥೆಯಲ್ಲಿ. ಸಾವಿನ ಕಾರಣವನ್ನು ವೈದ್ಯರು ತುಂಬುತ್ತಾರೆ. ಉಳಿದದ್ದನ್ನೆಲ್ಲ ಫ್ಯೂನರಲ್ ಹೋಮಿನವರು ನಿಮ್ಮನ್ನು ಕೇಳಿ ಕಂಪ್ಯೂಟರಿಗೆ ಏರಿಸುತ್ತಾರೆ. ಕಾನೂನಿನ ಪ್ರಕಾರ 8 ದಿನದೊಳಗೆ, ದಹನಕ್ಕೂ ಮೊದಲು, ನೋಂದಣಿ ಆಗಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೂ ತಲೆ ನೆಟ್ಟಗಿರುವುದಿಲ್ಲ. ಅಳುತ್ತಾ ಕೂತವರ ಕೈಗೆ ಫಾರಂ ಕೊಡುತ್ತಾರೆ. ಅದಕ್ಕೇ ಹೇಳುತ್ತೇನೆ, ಸ್ವಲ್ಪ ದೂರದ, ಕೈ ನಡುಗದ ನೆಂಟರೊಬ್ಬರನ್ನು ಈ ಫಾರಂ ಮುಂದೆ ಕೂರಿಸಿ. ನಮ್ಮ ಮನೆಯಲ್ಲಿ ಆ ಕೆಲಸ ಸೊಸೆಯಾದ ನನಗೆ ಬಂತು.

ಹೆಸರೇ ದೊಡ್ಡ ತಲೆನೋವು. ನಮ್ಮ ಹಿರಿಯರ ಹೆಸರು ಪಹಣಿಯಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಮಾವನವರದು ಪಹಣಿಯಲ್ಲಿ ಎರಡು ಇನಿಶಿಯಲ್ ಮುಂದೆ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಹಿಂದೆ ಮುಂದೆ ಆಗಿದೆ. ಫ್ಯೂನರಲ್ ಹೋಮಿನವರು ಪಾಸ್‌ಪೋರ್ಟ್ ನೋಡಿ ಬರೆದುಕೊಳ್ಳುತ್ತಾರೆ. ಅದು ಸರಿಯೇ, ಇಲ್ಲಿನ ಕಾಗದಗಳಿಗೆ ಅದೇ ಬೇಕು. ಆದರೆ ಕ್ಯಾಲಿಫೋರ್ನಿಯಾದ ಸರ್ಟಿಫಿಕೇಟಿನಲ್ಲಿ ‘ಎ.ಕೆ.ಎ.’ ಅಂತ ಒಂದು ಕಾಲಂ ಇದೆ. ಬೇರೆ ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂದು ಬರೆಯುವ ಜಾಗ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ. ಪಹಣಿಯಲ್ಲಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವ ಹೆಸರನ್ನು ಅಕ್ಷರ ಬಿಡದೆ ಅಲ್ಲಿ ಬರೆಸಿ. ನಮಗೆ ಮುಂದೆ ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಒಂದು ಸಾಲು.

ತಂದೆ, ತಾಯಿಯ ಹೆಸರಿನ ಕಾಲಂಗಳೂ ಇವೆ. ತಾಯಿಯ ಹೆಸರನ್ನು ಮದುವೆಗೆ ಮುಂಚಿನದಾಗಿ ಕೇಳುತ್ತಾರೆ. ನಮ್ಮ ಅಜ್ಜಿಯರಿಗೆಲ್ಲಿ ಸರ್‌ನೇಮು? ಸುಮ್ನೆ ಏನೋ ಒಂದನ್ನು ಹೇಳಿಬಿಡಬೇಡಿ. ಊರಿನ ವಂಶವೃಕ್ಷದಲ್ಲಿ ಹೇಗಿದೆಯೋ ಹಾಗೆ ಬರೆಸಿ. ಊರಿಗೆ ಫೋನ್ ಮಾಡಿ, ಪಹಣಿ ಮತ್ತು ಪಾಸ್‌ಬುಕ್ಕಿನ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡೇ ಫಾರಂ ತುಂಬಿ. ಆಮೇಲೆ ಕಳಿಸುವ ಮೊದಲು ಕರಡು ತೋರಿಸಿ ಎಂದು ಫ್ಯೂನರಲ್ ಹೋಮಿನವರನ್ನು ಕೇಳಿ. ತೋರಿಸುತ್ತಾರೆ.

ಒಮ್ಮೆ ನೋಂದಣಿ ಆದರೆ ಹಳೆಯದನ್ನು ಅಳಿಸಿ ಹೊಸದು ಕೊಡುವುದಿಲ್ಲ. ತಿದ್ದುಪಡಿಗೆ ಅಫಿಡವಿಟ್ ಕೊಡಬೇಕು, ಆ ತಿದ್ದುಪಡಿ ಮೂಲದ ಹಿಂದೆ ಇನ್ನೊಂದು ಹಾಳೆಯಾಗಿ ಸೇರುತ್ತದೆ. ತಪ್ಪು ಮೊದಲ ಹಾಳೆಯಲ್ಲೇ ಇರುತ್ತದೆ, ಸರಿ ಎರಡನೆಯದರಲ್ಲಿ. ನಾಡಕಚೇರಿಯಲ್ಲಿ ಎರಡನೇ ಹಾಳೆ ತಿರುವಿ ನೋಡುವವರು ಎಷ್ಟು ಜನ ಇದ್ದಾರೆ ಹೇಳಿ!

ಯಾರು ಕೇಳಬಹುದು

ಎರಡು ಥರದ ಪ್ರತಿ ಇವೆ. ಒಂದು ಅಧಿಕೃತ ಪ್ರತಿ. ಇನ್ನೊಂದು ಮಾಹಿತಿ ಪ್ರತಿ. ಮಾಹಿತಿ ಪ್ರತಿಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ಗುರುತು ಸಾಬೀತು ಮಾಡಲು ಇದು ನಡೆಯುವುದಿಲ್ಲ ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಬೆಲೆ ಎರಡಕ್ಕೂ ಒಂದೇ. ಫಾರಂನಲ್ಲಿ ಟಿಕ್ ಹಾಕುವಾಗ ಹುಷಾರು.

ಅಧಿಕೃತ ಪ್ರತಿ ಕೇಳಲು ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಒಡಹುಟ್ಟಿದವರಿಗೆ ಹಕ್ಕಿದೆ. ವಕೀಲರು, ವಿಲ್ ಜಾರಿ ಮಾಡುವವರು ಹೀಗೆ ಇನ್ನೂ ಕೆಲವರಿದ್ದಾರೆ. ಆ ಪಟ್ಟಿಯಲ್ಲಿ ಸೊಸೆ ಇಲ್ಲ, ಅಳಿಯನೂ ಇಲ್ಲ. ಫಾರಂ ತುಂಬಿದ್ದು ನಾನು, ಸಾಲಿನಲ್ಲಿ ನಿಂತದ್ದೂ ನಾನು, ಸಹಿ ಮಾತ್ರ ನಮ್ಮ ಯಜಮಾನರದು. ಖುದ್ದಾಗಿ ಹೋದರೆ ಪ್ರಮಾಣದ ಹೇಳಿಕೆಗೆ ಅಲ್ಲೇ ಸಹಿ ಹಾಕಿದರೆ ಸಾಕು, ಫೋಟೋ ಐಡಿ ಇರಲಿ. ಅಂಚೆಯಲ್ಲಿ ಕೇಳಿದರೆ ಆ ಹೇಳಿಕೆಗೆ ನೋಟರಿ ಬೇಕು. ಆನ್‌ಲೈನಿನಲ್ಲಿ ವೈಟಲ್‌ಚೆಕ್ ಎಂಬ ಖಾಸಗಿ ಕಂಪನಿಯ ಮೂಲಕವೂ ತರಿಸಬಹುದು, ಅವರ ಶುಲ್ಕ ಮೇಲೆ ಬೀಳುತ್ತದೆ.

ಯಾವ ಕೌಂಟರ್? ಸಾವು ಇತ್ತೀಚಿನದಾದರೆ ಸಾಮಾನ್ಯವಾಗಿ ಕೌಂಟಿಯ ಆರೋಗ್ಯ ಇಲಾಖೆ. ಹಳೆಯದಾದರೆ ಕೌಂಟಿಯ ದಾಖಲೆಗಳನ್ನು ಇಟ್ಟುಕೊಳ್ಳುವ ಕ್ಲರ್ಕ್-ರೆಕಾರ್ಡರ್ ಕಚೇರಿ. ಎರಡೂ ಬೇರೆ ಬೇರೆ ಕಟ್ಟಡದಲ್ಲಿ ಇರಬಹುದು, ಹೊರಡುವ ಮೊದಲು ವೆಬ್‌ಸೈಟ್ ನೋಡಿ. ಒಂದು ಪ್ರತಿಗೆ 25 ಡಾಲರ್ ಆಸುಪಾಸು. ಮೊದಲ ಕಂತಿನ ಪ್ರತಿಗಳನ್ನು ಫ್ಯೂನರಲ್ ಹೋಮಿನವರೇ ತರಿಸಿಕೊಡುತ್ತಾರೆ, ಎಷ್ಟು ಬೇಕು ಎಂದು ಕೇಳುತ್ತಾರೆ. ಇಲ್ಲಿನ ವಿಮೆ, ಬ್ಯಾಂಕ್, 401(ಕೆ) ಎನ್ನುವ ನಿವೃತ್ತಿ ಉಳಿತಾಯ ಖಾತೆ ಎಷ್ಟಿವೆಯೋ ಎಣಿಸಿ, ಊರಿಗೆ ಎರಡು ಮೂರು ಸೇರಿಸಿ ಹೇಳಿ. ಅಪಘಾತ, ಹಠಾತ್ ಸಾವು ಆಗಿದ್ದು, ಸಾವಿನ ಕಾರಣ ಪತ್ತೆ ಮಾಡುವ ಅಧಿಕಾರಿಯಾದ ಕರೋನರ್ ತನಿಖೆ ನಡೆಯುತ್ತಿದ್ದರೆ ಕಾರಣದ ಜಾಗದಲ್ಲಿ ಇನ್ನೂ ತೀರ್ಮಾನವಾಗಿಲ್ಲ ಎಂದು ಬರೆದಿರುತ್ತದೆ. ಆಗ ಒಂದೆರಡು ಪ್ರತಿ ಮಾತ್ರ ತೆಗೆದುಕೊಳ್ಳಿ. ವಿಮೆಯವರು ಕಾರಣ ತಿಳಿಯುವವರೆಗೆ ಫೈಲ್ ಮುಂದಕ್ಕೆ ತಳ್ಳುವುದಿಲ್ಲ.

ಊರಿಗೆ ಕಳಿಸುವ ಪ್ರತಿ

ಕೌಂಟಿಯ ಸೀಲ್ ನೋಡಿ ನಮ್ಮ ತಹಸೀಲ್ದಾರರಿಗೆ ಏನು ಗೊತ್ತಾಗಬೇಕು? ಅದಕ್ಕೇ ಅಪೊಸ್ಟಿಲ್ ಬೇಕು. ಈ ಸಹಿ ನಿಜ ಎಂದು ರಾಜ್ಯ ಸರ್ಕಾರ ಹೇಳುವ ಹಾಳೆ ಅದು. ಭಾರತ 2005ರಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದೆ, ಹಾಗಾಗಿ ಇದಾದ ಮೇಲೆ ಕಾನ್ಸುಲೇಟಿನ ಮುದ್ರೆ ಬೇರೆ ಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸರ್ಕಾರದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಇದನ್ನು ಕೊಡುತ್ತದೆ. ಸ್ಯಾಕ್ರಮೆಂಟೋಗೆ ಅಂಚೆಯಲ್ಲಿ ಕಳಿಸಬಹುದು. ಪ್ರತಿಗೆ 20 ಡಾಲರ್. ಯಾವ ದೇಶಕ್ಕೆ ಎಂದು ಜೊತೆಯ ಪತ್ರದಲ್ಲಿ ಬರೆಯಬೇಕು.

ಇಲ್ಲೊಂದು ಕೊಕ್ಕೆ ಇದೆ. ಸರ್ಟಿಫಿಕೇಟಿಗೆ ಕೌಂಟಿಯ ಆರೋಗ್ಯ ಅಧಿಕಾರಿ ಸಹಿ ಮಾಡಿದ್ದರೆ, ಮೊದಲು ಆ ಸಹಿಯನ್ನು ಕೌಂಟಿ ಕ್ಲರ್ಕ್ ದೃಢೀಕರಿಸಬೇಕಾಗಬಹುದು. ಕ್ಲರ್ಕ್-ರೆಕಾರ್ಡರ್ ಸಹಿ ಇದ್ದರೆ ನೇರವಾಗಿ ಕಳಿಸಬಹುದು. ಪ್ರತಿ ಕೊಳ್ಳುವಾಗಲೇ ಕೌಂಟರಿನಲ್ಲಿ “ಅಪೊಸ್ಟಿಲ್‌ಗೆ ಬೇಕು” ಎಂದು ಹೇಳಿಬಿಡಿ.

ಅಪೊಸ್ಟಿಲ್ ಹಾಳೆಯನ್ನು ಸರ್ಟಿಫಿಕೇಟಿಗೆ ಸೇರಿಸಿ ಪಿನ್ ಹೊಡೆದಿರುತ್ತಾರೆ. ಜೆರಾಕ್ಸ್ ಮಾಡಲು ಆ ಪಿನ್ ಕೀಳಬೇಡಿ, ಜೆರಾಕ್ಸ್ ಅಂಗಡಿ ಹುಡುಗನಿಗೂ ಕೀಳಲು ಬಿಡಬೇಡಿ. ಬೇರೆ ಮಾಡಿದರೆ ಅದಕ್ಕೆ ಬೆಲೆ ಇಲ್ಲ. ಲ್ಯಾಮಿನೇಶನ್ ಕೂಡ ಬೇಡ.

ತಾರೀಖಿನ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/04 ಎಂದರೆ ಇಲ್ಲಿ ಮಾರ್ಚ್ 4, ಊರಿನಲ್ಲಿ ಓದುವವರಿಗೆ ಏಪ್ರಿಲ್ 3. ಪೌತಿ ಖಾತೆಗೆ, ಬ್ಯಾಂಕಿಗೆ ಕೊಡುವ ಪ್ರತಿಯೊಂದು ಅರ್ಜಿಯಲ್ಲೂ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ಪಹಣಿಯ ಹೆಸರು, ಪಾಸ್‌ಪೋರ್ಟಿನ ಹೆಸರು ಎರಡೂ ಒಬ್ಬರದೇ ಎಂದು ಊರಿನಲ್ಲಿ ನೋಟರಿ ಮುಂದೆ ಮಾಡಿಸುವ ಅಫಿಡವಿಟ್ಟಿನಲ್ಲೂ ಹಾಗೇ ಬರೆಸಿ.

ಊರಿನ ಒಂದು ಬ್ಯಾಂಕಿನಲ್ಲಿ ನಮ್ಮ ನಾದಿನಿಗೆ “ಇದು ನಡೆಯಲ್ಲ, ನಗರಪಾಲಿಕೆಯ ಸರ್ಟಿಫಿಕೇಟ್ ತನ್ನಿ” ಎಂದರು. ಸಾವು ಆದದ್ದು ಕ್ಯಾಲಿಫೋರ್ನಿಯಾದಲ್ಲಿ, ನಗರಪಾಲಿಕೆ ಎಲ್ಲಿಂದ ಕೊಡುತ್ತದೆ? ಹೀಗೆಂದರೆ ಕೂಗಾಡಬೇಡಿ. ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಮೃದುವಾಗಿ ಕೇಳಿ. ಅವಳು ಹಾಗೆ ಕೇಳಿದ ಮೇಲೆ ಮ್ಯಾನೇಜರ್ ಅಪೊಸ್ಟಿಲ್ ಹಾಳೆ ಓದಿದರು. ತೀರಿಕೊಂಡವರು ಭಾರತದ ಪಾಸ್‌ಪೋರ್ಟ್ ಇದ್ದವರಾದರೆ ಇನ್ನೊಂದು ದಾರಿ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿನಲ್ಲೂ ಸಾವನ್ನು ನೋಂದಾಯಿಸಬಹುದು. ಪಾಸ್‌ಪೋರ್ಟ್ ರದ್ದು ಮಾಡಿಸಲು, ಅಸ್ಥಿಯನ್ನು ಪಶ್ಚಿಮವಾಹಿನಿಗೆ ಒಯ್ಯುವ ಕಾಗದಕ್ಕೆ ಹೇಗೂ ಅವರ ಬಳಿ ಹೋಗಲೇಬೇಕಲ್ವಾ, ಅದರ ಜೊತೆಗೇ ಮುಗಿಸಿ.

ಬೇರೆ ರಾಜ್ಯದಲ್ಲಿರುವವರಿಗೆ ಎರಡು ಮಾತು. ಎಲ್ಲ ಕಡೆ ಕೌಂಟಿ ಎಂದುಕೊಳ್ಳಬೇಡಿ. ನ್ಯೂಜೆರ್ಸಿಯಲ್ಲಿ ಸಾವು ಆದ ಊರಿನ ರಿಜಿಸ್ಟ್ರಾರ್, ನ್ಯೂಯಾರ್ಕ್ ನಗರದಲ್ಲಿ ನಗರದ ಆರೋಗ್ಯ ಇಲಾಖೆ. ಫ್ಲಾರಿಡಾದಲ್ಲಿ ಸಾವಿನ ಕಾರಣ ಇರುವ ಪ್ರತಿ ಬೇರೆ, ಇಲ್ಲದ್ದು ಬೇರೆ. ವಿಮೆಗೆ ಬೇಕಾದರೆ ಕಾರಣ ಇರುವುದನ್ನೇ ಕೇಳಿ. ಮುತ್ತಾತನ ಕಾಲದ ದಾಖಲೆ ಹುಡುಕುವವರಿಗೆ ಮಾಹಿತಿ ಪ್ರತಿಯೇ ಸಾಕು. ಕ್ಯಾಲಿಫೋರ್ನಿಯಾ ರಾಜ್ಯದ ದಾಖಲೆ 1905ರ ಜುಲೈನಿಂದ ಇದೆ, ಅದಕ್ಕಿಂತ ಹಳೆಯದಕ್ಕೆ ಕೌಂಟಿಯನ್ನೇ ಕೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದ್ದಾದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1906ರ ಭೂಕಂಪದ ಬೆಂಕಿಯಲ್ಲಿ ಅಲ್ಲಿನ ಹಳೆಯ ಪುಸ್ತಕಗಳು ಬಹುತೇಕ ಸುಟ್ಟುಹೋಗಿವೆ.