ಕರಗಿದ ಉಪ್ಪಿಗೆ ಸರ್ಕಾರದ ದುಡ್ಡು

2020ರಲ್ಲಿ, ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಗ್ರಾಂಟಿಗೆ ನಮ್ಮ ಪುಟ್ಟ ಕಂಪನಿ ಹಾಕಿದ್ದ ಮೊದಲ ಪ್ರಪೋಸಲ್ ಬಿದ್ದುಹೋಯಿತು. ಜೊತೆಗೆ ಬಂದ ರಿವ್ಯೂವರ್‌ಗಳ ಟಿಪ್ಪಣಿಗಳನ್ನು ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೇ ದಿನ ಮತ್ತೆ ಓದಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ಒಂಬತ್ತು ತಿಂಗಳಲ್ಲಿ ಸೆನ್ಸರ್, ಅದರ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಎಲ್ಲ ಮುಗಿಸಿ ಕೊಡ್ತೀವಿ ಅಂತ ಬರೆದಿದ್ದೆವು. ಮದುವೆ ಮನೆಯ ಊಟದ ಪಟ್ಟಿಯ ಹಾಗಿತ್ತು.

ಅಮೆರಿಕದಲ್ಲಿ ಸಣ್ಣ ಕಂಪನಿಗಳ ಸಂಶೋಧನೆಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಯೋಜನೆಗೆ ಎಸ್‌ಬಿಐಆರ್ ಅಂತ ಹೆಸರು. 1982ರ ಕಾನೂನಿನಿಂದ ಹುಟ್ಟಿದ್ದು. ಹತ್ತು ಕೋಟಿ ಡಾಲರಿಗಿಂತ ಹೆಚ್ಚು ಹಣವನ್ನು ಹೊರಗಿನವರ ಸಂಶೋಧನೆಗೆ ಖರ್ಚು ಮಾಡುವ ಇಲಾಖೆಗಳು ಅದರಲ್ಲಿ ಶೇ. 3.2ರಷ್ಟನ್ನು ಸಣ್ಣ ಕಂಪನಿಗಳಿಗೆ ಎತ್ತಿಡಬೇಕು. ಇದು ಸಾಲ ಅಲ್ಲ, ಕಂಪನಿಯಲ್ಲಿ ಸರ್ಕಾರ ಪಾಲು ಕೇಳುವುದೂ ಇಲ್ಲ. ಇಂಧನ ಇಲಾಖೆಯಲ್ಲಿ ನಮ್ಮ ವಿಷಯಕ್ಕೆ ಮೊದಲ ಹಂತದ ಮಿತಿ ಎರಡು ಲಕ್ಷ ಡಾಲರ್ ಇತ್ತು. ಗೆದ್ದವರು ಎರಡನೇ ಹಂತದಲ್ಲಿ ಎರಡು ವರ್ಷದ ಕೆಲಸಕ್ಕೆ ಹತ್ತು ಲಕ್ಷ ಡಾಲರ್ ದಾಟಿ ಕೇಳಬಹುದಿತ್ತು.

ನಮ್ಮ ವಿಷಯ ಕರಗಿದ ಉಪ್ಪು. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ವಿದ್ಯುತ್ ಮಾಡುವ ಸ್ಥಾವರಗಳು ಶಾಖವನ್ನು ಕೂಡಿಡಲು ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟ್‌ಗಳ ಮಿಶ್ರಣ ಬಳಸುತ್ತವೆ. ಅದನ್ನು ಸುಮಾರು 565 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸುವ ಹಾಗಿಲ್ಲ, ವಿಘಟನೆ ಶುರುವಾಗುತ್ತದೆ. 700 ಡಿಗ್ರಿ ದಾಟಬೇಕು ಅಂದರೆ ಕ್ಲೋರೈಡ್ ಉಪ್ಪುಗಳ ಕಡೆ ಹೋಗಬೇಕು. ಅವುಗಳಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವದಿಂದ ಹುಟ್ಟುವ ಕಲ್ಮಶ ಕೊಳವೆಯ ಲೋಹವನ್ನು ತಿನ್ನುತ್ತದೆ. ಕಲ್ಮಶ ಎಷ್ಟಿದೆ ಅಂತ ಉಪ್ಪಿನೊಳಗೇ ಕೂತು ಹೇಳುವ ಒಂದು ಪ್ರೋಬ್ ಮಾಡುವುದು ನಮ್ಮ ಉದ್ದೇಶ.

ಎರಡನೇ ಸಲ ಬರೆಯುವಾಗ ನಾನು ಮಾಡಿದ ಒಂದೇ ದೊಡ್ಡ ಬದಲಾವಣೆ ಇದು: ಇಡೀ ಪ್ರಪೋಸಲ್ಲನ್ನು ಒಂದು ಪ್ರಶ್ನೆಯ ಮೇಲೆ ನಿಲ್ಲಿಸಿದೆ. ನಮ್ಮ ರೆಫರೆನ್ಸ್ ಎಲೆಕ್ಟ್ರೋಡ್ (ಉಳಿದ ಅಳತೆಗೆಲ್ಲ ಆಧಾರವಾಗಿ, ವೋಲ್ಟೇಜ್ ಬದಲಾಗದೆ ನಿಲ್ಲಬೇಕಾದ ಭಾಗ) 700 ಡಿಗ್ರಿಯಲ್ಲಿ ನೂರು ಗಂಟೆ, ಹತ್ತು ಮಿಲಿವೋಲ್ಟ್‌ಗಿಂತ ಹೆಚ್ಚು ಜಾರದೆ ನಿಲ್ಲುತ್ತದೋ ಇಲ್ಲವೋ? ಅದು ನಿಲ್ಲದಿದ್ದರೆ ಪ್ರೋಬಿನ ಉಳಿದ ಯಾವ ಭಾಗ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. 'ಇಲ್ಲ' ಅನ್ನುವ ಉತ್ತರ ಬಂದರೆ ಏನು ಮಾಡುತ್ತೇವೆ ಅಂತಲೂ ಅರ್ಧ ಪುಟ ಬರೆದೆ. ಪ್ರಪೋಸಲ್ಲಿನಲ್ಲಿ ಸೋಲಿನ ಮಾತು ಆಡಬಾರದು ಅಂತ ಸ್ನೇಹಿತರೊಬ್ಬರು ಹೇಳಿದ್ದರು. ನನಗೀಗಲೂ ಅದು ತಪ್ಪು ಸಲಹೆ ಅನ್ನಿಸುತ್ತದೆ. ಮೊದಲ ಹಂತ ಇರುವುದೇ ಅನುಮಾನ ಪರಿಹಾರಕ್ಕೆ. ಅನುಮಾನವೇ ಇಲ್ಲದವನಿಗೆ ಅವರು ಯಾಕೆ ದುಡ್ಡು ಕೊಡಬೇಕು?

ಕಾಗದಪತ್ರದ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಸರ್ಕಾರದಿಂದ ಹಣ ಪಡೆಯುವವರ ಪಟ್ಟಿಯಾದ ಸ್ಯಾಮ್‌ನಲ್ಲಿ ನೋಂದಣಿ ಇಲ್ಲದೆ ಗ್ರಾಂಟ್ ಸಿಗುವುದಿಲ್ಲ. ನಾನು ಕಂಪನಿಯ ವಿಳಾಸವನ್ನು ಒಂದು ಕಡೆ ಕೋಣೆ ಸಂಖ್ಯೆಯ ಜೊತೆ, ಇನ್ನೊಂದು ಕಡೆ ಅದಿಲ್ಲದೆ ಬರೆದು ಮೂರು ವಾರ ಕಳೆದುಕೊಂಡೆ. ಆಮೇಲೆ ಲೆಟರ್ ಆಫ್ ಇಂಟೆಂಟ್, ಅಂದರೆ ಅರ್ಜಿ ಹಾಕುತ್ತೇವೆ ಅಂತ ಮುಂಚೆಯೇ ತಿಳಿಸುವ ಪತ್ರ. ಇಂಧನ ಇಲಾಖೆಯಲ್ಲಿ ಅಸಲಿ ಅರ್ಜಿಗಿಂತ ವಾರಗಳ ಮೊದಲೇ ಅದನ್ನು ಕಳಿಸಬೇಕು, ಆ ದಿನಾಂಕ ತಪ್ಪಿದರೆ ಆ ಸುತ್ತಿನಲ್ಲಿ ಬಾಗಿಲು ಮುಚ್ಚಿದಂತೆ. ಪ್ರಕಟಣೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇಲ್ಲಿರುವ ನಮ್ಮವರು ಹೆಚ್ಚಾಗಿ ಎಡವುವುದು ಬೇರೆ ಕಡೆ. ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಅಮೆರಿಕದ ನಾಗರಿಕರದ್ದೋ ಗ್ರೀನ್ ಕಾರ್ಡ್ ಇರುವವರದ್ದೋ ಆಗಿರಬೇಕು ಅನ್ನುವುದು ಮುಖ್ಯ ನಿಯಮ. ಎಚ್-1ಬಿಯಲ್ಲಿ ಇದ್ದಷ್ಟು ಕಾಲ ನನ್ನ ಹೆಸರಿನಲ್ಲೇ ದೊಡ್ಡ ಪಾಲು ಇಟ್ಟುಕೊಂಡು ಅರ್ಜಿ ಹಾಕುವ ದಾರಿ ಇರಲಿಲ್ಲ. ಗ್ರೀನ್ ಕಾರ್ಡ್ ಬರಲಿ ಅಂತ ವರ್ಷಗಟ್ಟಲೆ ಕಾದೆ. ಇನ್ನೊಂದು, ಎಸ್‌ಬಿಐಆರ್‌ನಲ್ಲಿ ಮುಖ್ಯ ಸಂಶೋಧಕರ ಪ್ರಧಾನ ಉದ್ಯೋಗ ಸಣ್ಣ ಕಂಪನಿಯಲ್ಲೇ ಇರಬೇಕು. ಆದರೆ ಅರ್ಜಿ ಹಾಕುವಾಗಲೇ ಅಲ್ಲ, ಗ್ರಾಂಟ್ ಕೈಗೆ ಬರುವಾಗ. ಇದು ತಿಳಿಯದೆ ಮೊದಲೇ ಕೆಲಸ ಬಿಟ್ಟವರನ್ನು ನೋಡಿದ್ದೇನೆ. ನಾನು ಫಲಿತಾಂಶ ಬರುವ ತನಕ ಬಿಡಲಿಲ್ಲ. ಬಿಡುವ ದಿನ ಹತ್ತಿರ ಬಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ: "ಸಂಬಳದ್ದು ಹೇಗೋ ಆಗತ್ತೆ ಬಿಡಿ, ಹೆಲ್ತ್ ಇನ್ಶೂರೆನ್ಸ್‌ಗೇನು ಮಾಡ್ತೀರಿ?" ಕೊನೆಗೆ ಅವಳ ಆಫೀಸಿನ ಇನ್ಶೂರೆನ್ಸ್‌ಗೆ ನಾನು ಸೇರಿಕೊಂಡೆ. ಈ ಗ್ರಾಂಟಿನ ನಿಜವಾದ ಮೊದಲ ಹೂಡಿಕೆದಾರಳು ಅವಳೇ.

ಬಜೆಟ್ ಬರೆಯುವಾಗ ಮೊದಲ ಹಂತದ ಕೆಲಸದಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಕಂಪನಿಯೇ ಮಾಡಬೇಕು. ಉಪ್ಪಿಗೆ ಗಾಳಿ ತಾಗದ ಹಾಗೆ ಕೆಲಸ ಮಾಡಲು ನಮಗೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಬೇಕಿತ್ತು, ಅದು ಹತ್ತಿರದ ವಿಶ್ವವಿದ್ಯಾಲಯದಲ್ಲಿತ್ತು. ಅವರಿಗೆ ಕೊಡಬಹುದಾದ ಮೂರನೇ ಒಂದು ಪಾಲಿನಲ್ಲಿ ಗ್ಲೋವ್ ಬಾಕ್ಸಿನ ಸಮಯ, ಒಬ್ಬ ವಿದ್ಯಾರ್ಥಿಯ ಸಂಬಳ, ಅವರ ಓವರ್‌ಹೆಡ್ (ಕಟ್ಟಡ, ಆಡಳಿತದಂಥ ಸಾಮಾನ್ಯ ಖರ್ಚಿನ ಪಾಲು) ಎಲ್ಲ ಹೊಂದಿಸಬೇಕಿತ್ತು. ಓವರ್‌ಹೆಡ್ಡಿನ ಮೊತ್ತ ನೋಡಿ ಒಂದು ಕ್ಷಣ ಮಾತು ನಿಂತಿತು. ನಮ್ಮ ಕಡೆಯಿಂದ ಶೇ. 7ರವರೆಗೆ ಲಾಭ ಕೇಳಬಹುದು, ಕೇಳಿ. ಗ್ರಾಂಟಿನಲ್ಲಿ ಹಾಕಲಾಗದ ಖರ್ಚು ನಮಗೆ ಬಂದಾಗ ಕೈಹಿಡಿದದ್ದು ಅದೇ. ಟೈಮ್‌ಶೀಟ್ ಮೊದಲ ದಿನದಿಂದ ಬರೆಯಬೇಕು. ಒಬ್ಬನೇ ಉದ್ಯೋಗಿ ಇರುವ ಕಂಪನಿಯಲ್ಲಿ ನನ್ನ ಟೈಮ್‌ಶೀಟಿಗೆ ನಾನೇ ಸಹಿ ಹಾಕುವುದು ನಗೆ ತರಿಸುತ್ತಿತ್ತು.

ಅರ್ಜಿ ಪರಿಶೀಲನೆಯಲ್ಲಿದ್ದಾಗಲೇ, 2021ರ ಮಾರ್ಚ್‌ನಲ್ಲಿ, ಅದೇ ಇಲಾಖೆ ಮುಂದಿನ ಪೀಳಿಗೆಯ ಸೌರ ಉಷ್ಣ ಪ್ರಾಯೋಗಿಕ ಸ್ಥಾವರಕ್ಕೆ ಕರಗಿದ ಉಪ್ಪನ್ನು ಬಿಟ್ಟು, ಶಾಖ ಹೊರಲು ಘನ ಕಣಗಳನ್ನು ಬಳಸುವ ಸ್ಯಾಂಡಿಯಾ ಪ್ರಯೋಗಾಲಯದ ವಿನ್ಯಾಸವನ್ನು ಆರಿಸಿತು. ಆ ಸುದ್ದಿ ಓದಿ ಕಾಫಿ ತಣ್ಣಗಾಯಿತು. ನಮ್ಮ ಗ್ರಾಹಕರೇ ಮಾಯ! ಆದರೂ ಗ್ರಾಂಟ್ ಬಂತು. ಬಂದಮೇಲೆ ಮಾರುಕಟ್ಟೆಯ ಅಧ್ಯಾಯವನ್ನು ನಾನು ಮನಸ್ಸಿನಲ್ಲೇ ಹೊಸದಾಗಿ ಬರೆಯತೊಡಗಿದೆ. ಕ್ಲೋರೈಡ್ ಉಪ್ಪಿನಲ್ಲೇ ಇಂಧನ ಕರಗಿಸಿಟ್ಟು ನಡೆಸುವ ಅಣು ರಿಯಾಕ್ಟರ್‌ಗಳ ವಿನ್ಯಾಸಗಳಿವೆ. ಅವರಿಗೂ ತುಕ್ಕಿನದೇ ಕಾಟ.

ಪ್ರಯೋಗದಲ್ಲಿ ಎಲೆಕ್ಟ್ರೋಡ್ 41ನೇ ಗಂಟೆಗೆ ಜಾರಲು ಶುರುವಾಯಿತು. ಮತ್ತೆ ಮಾಡಿದರೂ ಅಷ್ಟೇ. ಹೊರಗೆ ತೆಗೆದಾಗ ಅದರ ಕ್ವಾರ್ಟ್ಜ್ ಕವಚ, ಅಂದರೆ ಸಿಲಿಕಾದ ಕವಚ, ಕಪ್ಪಾಗಿತ್ತು. ಕಾರಣ ಹೊಳೆದಾಗ ನಾಚಿಕೆಯಾಯಿತು. ತುಕ್ಕು ತಡೆಯಲು ಉಪ್ಪಿಗೆ ಚೂರು ಮೆಗ್ನೀಷಿಯಂ ಲೋಹ ಹಾಕುವುದು ಗೊತ್ತಿರುವ ಉಪಾಯ, ನಾವೂ ಹಾಕಿದ್ದೆವು. ಮೆಗ್ನೀಷಿಯಂ ಸಿಲಿಕಾದಿಂದ ಆಮ್ಲಜನಕ ಕಿತ್ತುಕೊಂಡು ಸಿಲಿಕಾನ್ ಉಳಿಸುತ್ತದೆ ಅನ್ನುವುದು ಕಾಲೇಜಿನ ರಸಾಯನಶಾಸ್ತ್ರ. ಕೊಳವೆ ಉಳಿಸಲು ಹಾಕಿದ್ದ ಮದ್ದೇ ನಮ್ಮ ಪ್ರೋಬನ್ನು ತಿಂದಿತ್ತು. ಅಲ್ಯುಮಿನಾ ಕವಚಕ್ಕೆ ಬದಲಾಯಿಸಿದೆವು. ಎರಡನೇ ಹಂತದ ಅರ್ಜಿಯನ್ನು ಮೊದಲ ಹಂತ ಮುಗಿಯುವ ಮುಂಚೆಯೇ ಹಾಕಬೇಕಿತ್ತು. ಆಗ ನಮ್ಮ ಕೈಲಿ ಇದ್ದದ್ದು 41 ಗಂಟೆಯ ಸೋಲು, ಅದರ ಕಾರಣ, ಹೊಸ ಕವಚದಲ್ಲಿ 70 ಗಂಟೆಯ ಸಮತಟ್ಟಾದ ಗೆರೆ. ಮೂರನ್ನೂ ಹಾಗೆಯೇ ಬರೆದೆ. ನೂರು ಗಂಟೆ ಆಗಲಿಲ್ಲ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿದೆ. ಅದೂ ಮಂಜೂರಾಯಿತು.

ಮೂರನೇ ಹಂತಕ್ಕೆ ಎಸ್‌ಬಿಐಆರ್ ದುಡ್ಡು ಇಲ್ಲ. ಗಿರಾಕಿಯೋ ಹೂಡಿಕೆದಾರರೋ ಸಿಗಬೇಕು. ಸರ್ಕಾರದ ದುಡ್ಡಿನಲ್ಲಿ ಹುಟ್ಟಿದ ನಮ್ಮ ದತ್ತಾಂಶ 20 ವರ್ಷ ನಮ್ಮ ಹಕ್ಕಿನಲ್ಲೇ ಇರುತ್ತದೆ ಅನ್ನುವ ನಿಯಮ ಮಾತುಕತೆಗೆ ಕೂತಾಗ ಬಹಳ ನೆರವಾಯಿತು. ರಿಯಾಕ್ಟರ್ ಕಡೆಯ ಒಂದು ತಂಡ ಮೊದಲು ಎರಡು ಪ್ರೋಬ್ ಕೊಂಡಿತು. ಮೂರನೆಯದಕ್ಕೆ ರಿಯಾಯಿತಿ ಕೇಳಿದರು, ಕೊಟ್ಟೆ.