ಲೋ ಪ್ರೊಫೈಲ್ ಕೂಲರ್ ಆರಿಸುವ ಮೊದಲು ಸ್ಕೇಲ್ ಹಿಡಿಯಿರಿ

ಲೋ ಪ್ರೊಫೈಲ್ ಕೂಲರ್ ಅಂದರೆ ಕಂಪ್ಯೂಟರ್ ಪ್ರೊಸೆಸರನ್ನು ತಣ್ಣಗಿಡುವ ಗಿಡ್ಡ ಕೂಲರ್. ಗೋಪುರದಂತೆ ನಿಲ್ಲುವ ದೊಡ್ಡ ಟವರ್ ಕೂಲರ್ ಹಿಡಿಸುವ ಕೇಸ್ ನಿಮ್ಮದಾಗಿದ್ದರೆ ಇದರ ಗೋಜಿಗೇ ಹೋಗಬೇಡಿ. ಅದೇ ದುಡ್ಡಿಗೆ ಟವರ್ ಹೆಚ್ಚು ತಣ್ಣಗಿಡುತ್ತದೆ, ಸದ್ದೂ ಕಡಿಮೆ. ಕೇಸ್ ತೆಳ್ಳಗಿದ್ದು ಬೇರೆ ದಾರಿ ಇಲ್ಲ ಅಂದವರು ಮುಂದೆ ಓದಿ.

ಮೊದಲು ಎತ್ತರ. ಕೂಲರ್‌ಗೆ ಎಷ್ಟು ಮಿ.ಮೀ. ಜಾಗ ಇದೆ ಅಂತ ಕೇಸ್‌ನ ಸ್ಪೆಕ್ಸ್‌ನಲ್ಲಿ ಬರೆದಿರುತ್ತಾರೆ. ಇಲ್ಲದಿದ್ದರೆ ನೀವೇ ಅಳೆಯಿರಿ, ಆದರೆ ಮದರ್‌ಬೋರ್ಡಿನಿಂದ ಅಲ್ಲ, ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದಿಂದ ಪಕ್ಕದ ಪ್ಯಾನೆಲ್‌ನ ಒಳಬದಿವರೆಗೆ. ನಾಕ್ಟುವಾ ಎನ್‌ಎಚ್-ಎಲ್9ಐ 37 ಮಿ.ಮೀ., ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವಂತೆ 47, ನಾಕ್ಟುವಾ ಎನ್‌ಎಚ್-ಎಲ್12ಎಸ್ 70. ಜಾಗ ಇದ್ದಷ್ಟೂ ಎತ್ತರದ್ದನ್ನೇ ತಗೊಳ್ಳಿ. 70 ಹಿಡಿಸುವ ಕಡೆ 37ರದ್ದು ಹಾಕಿ ಫ್ಯಾನ್ ಕಿರುಚುತ್ತದೆ ಅಂತ ಗೊಣಗಿದರೆ ಯಾರೇನು ಮಾಡೋಕಾಗುತ್ತೆ?

ಆಮೇಲೆ ಬಿಸಿ. ಇಲ್ಲಿ ಡಬ್ಬದ ಮೇಲಿನ ಟಿಡಿಪಿ (ಪ್ರೊಸೆಸರ್ ಬಿಸಿಯ ಅಂದಾಜು, ವ್ಯಾಟ್‌ನಲ್ಲಿ) ನಂಬಿ ಬಹಳ ಜನ ಎಡವುತ್ತಾರೆ. ಎಎಂಡಿ ಪ್ರೊಸೆಸರ್ ರೈಜೆನ್ 5 7600ಕ್ಕೆ 65 ವ್ಯಾಟ್ ಅಂತ ಬರೆದಿದ್ದರೂ ಅದು 88ರವರೆಗೆ ಎಳೆಯಬಲ್ಲದು. ಇಂಟೆಲ್ ಐ7-12700 ಕೂಡ 65 ಅಂತಲೇ ಶುರು, ಟರ್ಬೋದಲ್ಲಿ (ವೇಗ ಏರಿಸಿಕೊಂಡಾಗ) 180. ಮೊದಲನೆಯದನ್ನು ಒಳ್ಳೆಯ ಗಿಡ್ಡ ಕೂಲರ್ ಹೇಗೋ ಸಂಭಾಳಿಸುತ್ತದೆ. ಎರಡನೆಯದಕ್ಕೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ಗೆ) ಹೋಗಿ ಪವರ್ ಲಿಮಿಟ್ ಇಳಿಸಲೇಬೇಕು. ಹೆದರಬೇಡಿ, ಗೇಮ್ ಆಡುವಾಗ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ.

ರ್‍ಯಾಮ್ ಮರೆಯಬೇಡಿ. 120 ಮಿ.ಮೀ. ಫ್ಯಾನ್ ಇರುವ ಕೂಲರ್ ಸಾಮಾನ್ಯವಾಗಿ ರ್‍ಯಾಮ್ ಸ್ಲಾಟ್ ಮೇಲೆ ಚಾಚಿಕೊಳ್ಳುತ್ತದೆ. ಬಣ್ಣದ ಲೈಟ್ ಇರುವ ಎತ್ತರದ ಸ್ಟಿಕ್ ಹಾಕಿದ್ದರೆ ಫಿನ್ (ಕೂಲರ್‌ನ ತೆಳು ಲೋಹದ ಹಾಳೆ) ಅಂಚು ಅದಕ್ಕೆ ತಾಗಿ ಕೂಲರ್ ಸರಿಯಾಗಿ ಕೂರುವುದೇ ಇಲ್ಲ. ಚಿಕ್ಕ ಕೇಸ್‌ಗೆ ಸುಮ್ನೆ ಗಿಡ್ಡ ರ್‍ಯಾಮ್ ತಗೊಂಡುಬಿಡಿ.

ಜಾಗ 47 ಅಂತಿದ್ದು ಕೂಲರ್ ಕೂಡ 47 ಆದರೆ ಸರಿಹೋಯ್ತಲ್ವಾ ಅನ್ನಬಹುದು. ಪ್ಯಾನೆಲ್‌ನಲ್ಲಿ ಫ್ಯಾನ್ ಎದುರೇ ತೂತುಗಳಿದ್ದರೆ ಸರಿ. ಗಾಜಾಗಿದ್ದರೆ ಫ್ಯಾನ್‌ಗೆ ಗಾಳಿಯೇ ಸಿಗುವುದಿಲ್ಲ, ಅದಕ್ಕೇ ಒಂದೆರಡು ಸೆಂ.ಮೀ. ಬಿಡಿ. ಅನುಮಾನ ಬಂದರೆ ಲೋಡ್ ಕೊಟ್ಟು ಪ್ಯಾನೆಲ್ ತೆಗೆದು ನೋಡಿ: ಟೆಂಪರೇಚರ್ ಸರ್ರನೆ ಇಳಿದರೆ ತಪ್ಪು ಕೂಲರ್‌ನದ್ದಲ್ಲ. ಅಂದಹಾಗೆ ಫ್ಯಾನ್ ಕೆಳಮುಖವಾಗಿ ಊದುವ ಮಾದರಿಯಲ್ಲಿ ಒಂದು ಲಾಭವಿದೆ, ಪ್ರೊಸೆಸರ್ ಕೂರುವ ಸಾಕೆಟ್ ಸುತ್ತಲಿನ, ಅದಕ್ಕೆ ವಿದ್ಯುತ್ ಹೊಂದಿಸಿ ಕೊಡುವ ವಿಆರ್‌ಎಂಗೂ ಗಾಳಿ ಬೀಳುತ್ತದೆ.

ಕೊನೆಗೆ ಸಾಕೆಟ್. ಇಂಟೆಲ್‌ನ ಎಲ್‌ಜಿಎ 1200 ಸಾಕೆಟ್‌ನ ಕೂಲರ್ ಸ್ಕ್ರೂ ತೂತುಗಳ ಅಂತರ 75 ಮಿ.ಮೀ., 1700ರದ್ದು 78, ಹಾಗಾಗಿ ಹಳೇ ಕೂಲರ್‌ಗೆ ಹೊಸ ಜೋಡಣೆ ಕಿಟ್ ಬೇಕಾದೀತು. ಎಎಂಡಿಯ ಎಎಂ5 ಸಾಕೆಟ್‌ನಲ್ಲಿ ಬೋರ್ಡಿನ ಹಿಂಬದಿಯ ಬ್ಯಾಕ್‌ಪ್ಲೇಟ್ ತೆಗೆಯುವಂತಿಲ್ಲ, ಅದನ್ನು ಬದಲಿಸಿ ಕೂರಿಸುವ ಎಎಂ4 ಕೂಲರ್‌ಗಳು ಅಲ್ಲಿ ನಡೆಯುವುದಿಲ್ಲ. ಕೆಲವು ಗಿಡ್ಡ ಕೂಲರ್‌ಗಳ ಸ್ಕ್ರೂ ಬೋರ್ಡಿನ ಹಿಂದಿನಿಂದ ಹಾಕಬೇಕು, ಅಂಥದ್ದನ್ನು ಬೋರ್ಡ್ ಕೇಸ್‌ನೊಳಗೆ ಇಡುವ ಮೊದಲೇ ಕೂರಿಸಿ, ಫ್ಯಾನ್ ವಯರನ್ನೂ ಆಗಲೇ ಚುಚ್ಚಿಬಿಡಿ. ಆಮೇಲೆ ಬೆರಳು ಹೋಗುವುದಿಲ್ಲ.